ಹತ್ತುವ ಕಡೆಯ ಮೂಲೆ

ಕುಂಬ್ರಿಗದ್ದೆ, ಯಲ್ಲಾಪುರ ತಾಲೂಕು
ಸೋಮವಾರ, ೧೭ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ತುಷಾರನಿಗೆ ಅಕ್ಕ ಶಿಲ್ಪಾ ಬರೆಯುವುದು.

ಹೇಗಿದ್ದೀಯೋ? ಬೀಜದ ಗೋದಾಮಿನ ದೂಳಿಗೆ ನಿನಗೆ ಕೆಮ್ಮು ಹತ್ತಿದೆ ಎಂದು ರಾಣೆಬೆನ್ನೂರಿನಿಂದ ಬಂದ ಲಾರಿಯವನೊಬ್ಬ ಬೈರಣ್ಣನಿಗೆ ಹೇಳಿದನಂತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಊಟ ಹೊತ್ತಿಗೆ ಸರಿಯಾಗಿ ಆಗುತ್ತದೋ ಇಲ್ಲವೋ, ರೊಟ್ಟಿ ನಿನಗೆ ಒಗ್ಗಿದೆಯೋ ಇಲ್ಲವೋ, ಒಂದೂ ಗೊತ್ತಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಅವ್ವ ಹುಷಾರಿದಾಳಾ?" ಎಂದು ಕೇಳಿ ಇಟ್ಟುಬಿಡುತ್ತೀಯ. ಅಷ್ಟು ಸಣ್ಣ ಸಂದಿಯಲ್ಲಿ ನಾನು ಹೇಳಬೇಕಾದದ್ದು ಹಿಡಿಯುವುದಿಲ್ಲ. ಅದಕ್ಕೇ ಈ ಕಾಗದ. ಓದಿ ಹರಿದು ಹಾಕಿದರೂ ಬೇಜಾರಿಲ್ಲ, ಆದರೆ ಪೂರ್ತಿ ಓದಿ ಹರಿ.

ಅವ್ವ ಹುಷಾರಿದ್ದಾಳೆ. ಮಂಡಿ ನೋವು ಚಳಿಗೆ ಜಾಸ್ತಿಯಾಗಿತ್ತು, ಈಗ ಬೆಳಗಿನ ಬಿಸಿಲಿಗೆ ಕಾಲು ಚಾಚಿ ಕೂರುತ್ತಾಳೆ, ಎಣ್ಣೆ ತಿಕ್ಕಿಕೊಳ್ಳುತ್ತಾಳೆ. ನನ್ನ ಹತ್ತಿರ ಮಾತು ಬಿಟ್ಟು ಇವತ್ತಿಗೆ ಹನ್ನೆರಡು ದಿನ. ಅನ್ನ ಬಡಿಸುತ್ತಾಳೆ, ತಟ್ಟೆ ನನ್ನ ಕಡೆ ತಳ್ಳುತ್ತಾಳೆ, ಮಾತಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ. ಬೆಕ್ಕು ನಿನ್ನ ಹಳೆಯ ಸ್ವೆಟರಿನ ಮೇಲೆ ಮೂರು ಮರಿ ಹಾಕಿದೆ. ಆಚೆ ದಡದ ಶಾಲೆಗೆ ಈ ವರ್ಷ ಈಚೆಯಿಂದ ಹನ್ನೊಂದು ಮಕ್ಕಳು ಹೋಗುತ್ತವೆ. ಬೋಟಿನ ಬೆಳಗಿನ ಸರದಿ ಬೈರಣ್ಣನದು, ಸಂಜೆಯದು ನನ್ನದು. ಎಂಜಿನ್ ಇನ್ನೂ ನಿನ್ನ ಕೈಗೆ ಕೇಳಿದ ಹಾಗೆ ನನ್ನ ಕೈಗೆ ಕೇಳುವುದಿಲ್ಲ, ಎರಡು ಸಲ ಹಗ್ಗ ಎಳೆಸಿಕೊಂಡೇ ಹೊರಡುವುದು.

ಬೋಟಿನದೇ ಸುದ್ದಿ ಇದು. ನೀನು ಹಲಗೆಗೆ ಅಂಟಿಸಿ ಹಾಸಿದ ರಬ್ಬರ್ ಹಾಳೆ ಮೂರು ವರ್ಷದ ತುಳಿತಕ್ಕೆ ಸವೆದು ನುಣ್ಣಗಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಬೋಟಿನ ಸಂಘದವರು ಸೇರಿ, ಹಿನ್ನೀರು ಇಳಿದಿದೆ, ಬಿಸಿಲಿದೆ, ಹಳೆಯದು ಕಿತ್ತು ಹೊಸದು ಹಾಕುವ ಎಂದು ತೀರ್ಮಾನ ಮಾಡಿದರು. ಕಾರವಾರದ ಕಡೆಯಿಂದ ಜನ ಕರೆಸುವ ಮಾತು ಬಂತು. ನಾನು ಮಾಡುತ್ತೇನೆ ಎಂದೆ. "ನಿಂಗೆ ಬರ್ತದನೇ ಶಿಲ್ಪಾ?" ಎಂದ ಬೈರಣ್ಣ. ತುಷಾರ ಮಾಡುವಾಗ ಪಕ್ಕದಲ್ಲೇ ಕೂತು ನೋಡಿದ್ದೇನೆ ಎಂದೆ. ಆಮೇಲೆ ಕಾರವಾರದ ಮಾತನ್ನು ಯಾರೂ ಎತ್ತಲಿಲ್ಲ. ನಿನ್ನ ಹೆಸರು ಬಂದರೆ ಈಗಲೂ ಸಭೆ ಹಾಗೇ ತೆಪ್ಪಗಾಗುತ್ತದೆ.

ಬೋಟನ್ನು ದಡಕ್ಕೆ ಎಳೆದು, ಉರುಳದ ಹಾಗೆ ಎರಡೂ ಕಡೆ ಮರದ ತುಂಡು ಕೊಟ್ಟು, ನಾನೂ ಬೈರಣ್ಣನೂ ಹಳೆಯ ಹಾಳೆ ಕೀಳಲು ಕೂತೆವು. ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ. ನಾಲ್ಕು ದಿನ ಹಿಡಿಯಿತು ತಮ್ಮಾ. ಉಳಿ ಹಾಕಿ ಎಬ್ಬಿಸಿದರೆ ರಬ್ಬರ್ ಹರಿಯುತ್ತಿತ್ತು, ಅಂಟು ಬಿಡುತ್ತಿರಲಿಲ್ಲ. ಬಿಸಿನೀರು ಸುರಿದೆವು, ಥಿನ್ನರ್ ಸುರಿದೆವು, ಕಡೆಗೆ ಹಲಗೆಯ ಮೇಲುಪದರವೇ ಚಕ್ಕೆಚಕ್ಕೆಯಾಗಿ ಎದ್ದು ಬಂತೇ ಹೊರತು ಅಂಟು ಸೋಲಲಿಲ್ಲ. ಬೈರಣ್ಣನ ಅಂಗೈಯಲ್ಲಿ ಬೊಬ್ಬೆ ಎದ್ದಿತು. "ಎಂತಾ ಅಂಟು ಹಾಕಿದಾನೆ ಮಾರಾಯ್ತಿ, ಇದು ಬಿಡೂ ಅಂಟಲ್ಲ" ಎನ್ನುತ್ತಾ ಹಾಗೇ ಕೈ ನಿಲ್ಲಿಸಿದ. ಅವನ ತಲೆಯಲ್ಲಿ ಏನು ಬಂತೆಂದು ನನಗೆ ಗೊತ್ತಾಯಿತು. ಉಳಿ ತೆಗೆದುಕೊಂಡು ನೇರ ಹತ್ತುವ ಕಡೆಯ ಮೂಲೆಗೆ ಹೋದ. ನಿನ್ನ ಕಾವ್ಯಶ್ರೀ ತೀರಿಹೋದ ಮೇಲೆ ಅವನೇ ಅಲ್ಲಿ ಒಂದು ತಗಡಿನ ಪಟ್ಟಿ ಬಡಿದಿದ್ದನಲ್ಲ, ಅದನ್ನು ಎಬ್ಬಿಸಿದ. ಕೆಳಗಿನ ರಬ್ಬರ್ ತಾನಾಗೇ ಮೇಲೆ ಬಂತು. ಅಡಿಯಲ್ಲಿ ಒಂದು ಹಳದಿ ಪೊರೆ. ಉಗುರಿನಲ್ಲಿ ಎಳೆದರೆ ಹಾಲಿನ ಕೆನೆಯ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಒಂದು ಗೇಣು ಅಗಲ, ಅಷ್ಟೇ. ಅದರಾಚೆ ಮತ್ತೆ ನಿನ್ನ ಅಂಟು, ಕಲ್ಲಿನ ಹಾಗೆ.

"ಇದು ತುಷಾರನ ಕೈಕೆಲ್ಸ ಅಲ್ಲ. ಯಾರದು ಇದು?" ಎಂದು ಬೈರಣ್ಣ ನನ್ನ ಮುಖ ನೋಡಿದ. ನನಗೆ ಗೊತ್ತಿಲ್ಲ ಎಂದೆ.

ಗೊತ್ತಿತ್ತು ತಮ್ಮಾ. ಅದು ನನ್ನದು.

ಆ ವರ್ಷ ಆಷಾಢದಲ್ಲಿ ನೀನು ಜ್ವರ ಬಂದು ಮಲಗಿದ್ದೆ, ನೆನಪಿದೆಯಲ್ಲ. ನಾಲ್ಕು ದಿನ ಬೋಟು ನಡೆಸಿದವಳು ನಾನು. ಎರಡನೆಯ ದಿನ ಯಾರೋ ಗ್ಯಾಸ್ ಸಿಲಿಂಡರನ್ನು ಎತ್ತಿ ಇಡುವ ಬದಲು ಎಳೆದುಕೊಂಡು ಹೋದರು, ಆ ಮೂಲೆ ಹರಿದು ಮೇಲೆದ್ದಿತು. ಮೊದಲು ನೋಡಿದವಳು ಕಾವ್ಯಶ್ರೀ. ಅಂಗನವಾಡಿಯ ಕೆಲಸ ಮುಗಿಸಿ ವಾಪಸು ಬರುತ್ತಿದ್ದಳು. "ಅಕ್ಕಾ, ಇಲ್ಲಿ ಎದ್ದಿದೆ ನೋಡಿ. ಅವರಿಗೆ ಹೇಳ್ಲಾ?" ಎಂದಳು. ಬೇಡ ಮಾರಾಯ್ತಿ, ಹೇಳಿದರೆ ಜ್ವರದಲ್ಲೇ ಎದ್ದು ಬರುತ್ತಾನೆ, ಬೋಟು ಮೂರು ದಿನ ನಿಲ್ಲಿಸು ಎನ್ನುತ್ತಾನೆ, ನಾನೇ ಹಚ್ಚುತ್ತೇನೆ ಎಂದೆ. ಚಪ್ಪಲಿ ಹರಿದರೆ ಹಚ್ಚುವ ಟ್ಯೂಬು ನನ್ನ ಚೀಲದಲ್ಲಿತ್ತು. ಹಲಗೆ ಒದ್ದೆಯಾಗಿತ್ತು. ಸೆರಗಿನಲ್ಲಿ ಒರೆಸಿದೆ. ಜಿಟಿಜಿಟಿ ಹನಿಯುತ್ತಿತ್ತು, ಕಾವ್ಯಶ್ರೀ ನನ್ನ ಮೇಲೆ ಕೊಡೆ ಹಿಡಿದು ಬಗ್ಗಿ ನಿಂತಳು. ಟ್ಯೂಬು ಹಿಂಡಿ, ಅಂಟಿಸಿ, ಕಾಲಿನಲ್ಲಿ ತುಳಿದೆ. ಹಿಡಿದ ಹಾಗೆ ಕಂಡಿತು. "ಆತಲ್ಲ ಅಕ್ಕಾ, ಗಟ್ಟಿ ಆತು" ಎಂದು ಅವಳೂ ಒಂದು ಸಲ ತುಳಿದು ನೋಡಿದಳು.

ಮರುದಿನ ಮಧ್ಯಾಹ್ನ ಅವಳು ಇಳಿಯುವಾಗ ಆದದ್ದು ನಿನಗೆ ಗೊತ್ತು. ಮೂಲೆ ಎದ್ದು ಕಾಲಿಗೆ ಸಿಕ್ಕಿತು, ಬೋಟಿಗೂ ದಡದ ಕಲ್ಲಿಗೂ ನಡುವೆ ಬಿದ್ದಳು, ತಲೆ ಕಲ್ಲಿಗೆ ಬಡಿಯಿತು. ಯಲ್ಲಾಪುರ ಮುಟ್ಟುವ ಮೊದಲೇ ಹೋದಳು. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನೀನು ಜ್ವರದ ಮೈಯಲ್ಲಿ ಅವಳ ಪಾದ ಹಿಡಿದು ಕೂತಿದ್ದೆ. ಮಹಜರಿಗೆ ಬಂದ ಪೊಲೀಸರು, ಈ ಹಾಸು ಹಚ್ಚಿದ್ದು ಯಾರು ಎಂದು ಕೇಳಿದರು. "ನಾನೇ ಸಾರ್" ಎಂದೆ ನೀನು. ನಾನು ಬಾಯಿ ತೆರೆದಿದ್ದೆ ತಮ್ಮಾ. ನಿಜವಾಗಿಯೂ ತೆರೆದಿದ್ದೆ. ನಾನು ಅವಳ ಚಪ್ಪಲಿ ಹಿಡಿದುಕೊಂಡು ನಿನ್ನ ಮೊಣಕೈಗೆ ತಾಗಿಕೊಂಡೇ ನಿಂತಿದ್ದೆ. ಮಾತು ಹೊರಡಲಿಲ್ಲ. ಕಾರ್ಯ ಮುಗಿಯಲಿ, ಹೇಳುತ್ತೇನೆ ಎಂದುಕೊಂಡೆ. ಕಾರ್ಯದ ದಿನ ಉಮ್ಮಚಗಿ ಮಾವ ಅಂಗಳದಲ್ಲಿ ನಿಂತು "ಅಂಟು ಹಚ್ಚೂಕೆ ಬರದವ್ನು ನನ್ ಮಗಳನ್ನ ಕೊಂದ" ಎಂದು ಕೂಗಿದಾಗ ನೀನು ತಲೆ ತಗ್ಗಿಸಿ ನಿಂತೆ. ಆಗಲೂ ಹೇಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೀನು, ನೀರೇ ಕಾಣದ ಊರಿಗೆ ಹೋಗುತ್ತೇನೆ ಎಂದು ಚೀಲ ತೆಗೆದುಕೊಂಡು ಹೊರಟೆ. ನಿನ್ನನ್ನು ದಾಟಿಸಿ ಬಂದವಳು ನಾನೇ. ಇಪ್ಪತ್ತು ನಿಮಿಷದ ದಾರಿ. ಎಂಜಿನ್ನಿನ ಸದ್ದಿನಲ್ಲಿ ಹೇಳಿದರೆ ಕೇಳುವುದಿಲ್ಲ ಎಂದುಕೊಂಡೆ. ದಡದಲ್ಲಿ ಎಂಜಿನ್ ನಿಂತ ಮೇಲೂ ಹೇಳಲಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ ಎಂದು ನೀನು ಕೇಳಬಹುದು. ಹಳೆಯದು ಕಿತ್ತ ಮೇಲೆ ಹೊಸ ಅಂಟು ತರಲು ಶಿರಸಿಗೆ ಹೋಗಿದ್ದೆ. ಮಾರ್ಕೆಟ್ಟಿನ ಹತ್ತಿರ ನೀನು ತಂದ ಅಂಗಡಿಯೇ. ಅಂಗಡಿಯ ಸಂಜಯ ನನ್ನನ್ನು ಕೂರಿಸಿ ಒಂದೊಂದೇ ಕೇಳಿದ: ಹಲಗೆ ಮರದ್ದೋ ಫೈಬರಿನದೋ, ಹಾಸು ರಬ್ಬರೋ ಪ್ಲಾಸ್ಟಿಕ್ ಜಾತಿಯದೋ, ದಿನವಿಡೀ ಬಿಸಿಲು ಬೀಳುತ್ತದೋ, ನೀರು ನಿಲ್ಲುತ್ತದೋ. ಪ್ಲಾಸ್ಟಿಕ್ ಹಾಸಿನೊಳಗಿನ ಎಣ್ಣೆ ಚಪ್ಪಲಿಯ ಅಂಟನ್ನು ವರ್ಷದೊಳಗೆ ಲೊಳೆ ಮಾಡಿಬಿಡುತ್ತದಂತೆ. ರಬ್ಬರಿಗಾದರೂ ಬಿಸಿಲು ಕಾದರೆ ಅದು ಮೆತ್ತಗಾಗುತ್ತದಂತೆ. ದೋಣಿಗೆ ಎರಡು ಡಬ್ಬಿ ಬೆರೆಸುವ ಅಂಟೇ ಆಗಬೇಕು ಎಂದ. ಎಲ್ಲಿಯದು ಬೋಟು ಎಂದು ಕೇಳಿದ. ಕುಂಬ್ರಿಗದ್ದೆ ಎಂದೆ. ಅವನ ಮುಖ ಅರಳಿತು. "ಅಯ್ಯೋ, ತುಷಾರ ಅಂತ ಒಬ್ರು ಬಂದಿದ್ರು. ಮೂರು ಸಲ ಬಂದ್ರು ಮಾರಾಯ್ರೆ. ನಾಕು ನಮೂನೆ ಅಂಟು ಒಂಚೂರು ಒಂಚೂರು ತಗಂಡೋಗಿ, ಹಲಗೆ ಚೂರಿಗೆ ಹಚ್ಚಿ ಎಂಟು ದಿನ ಬಕೆಟ್ ನೀರಲ್ಲಿ ಮುಳುಗಿಸಿ ನೋಡಿದ್ರು. ಶಾಲೆ ಮಕ್ಳು ಓಡಾಡೂ ಬೋಟು, ಜಾರಬಾರ್ದು ಅಂತಿದ್ರು. ಅಷ್ಟು ಕೇಳೂ ಗಿರಾಕಿ ನಂಗೆ ಇನ್ನೊಬ್ರು ಸಿಗ್ಲಿಲ್ಲ. ಹೆಂಗಿದಾರೆ ಅವರು?" ಎಂದ.

ಅವನಿಗೆ ಏನೂ ಗೊತ್ತಿರಲಿಲ್ಲ. ನಾನು, ಚೆನ್ನಾಗಿದ್ದಾನೆ ಎಂದೆ. ಹೇಳಿದ ಮೇಲೆ ಆ ಅಂಗಡಿಯಲ್ಲಿ ನನಗೆ ನಿಲ್ಲಲಾಗಲಿಲ್ಲ.

ಬಸ್ಸಿನಲ್ಲಿ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದವಳು ಉಮ್ಮಚಗಿ ಬಂದಾಗ ಇಳಿದುಬಿಟ್ಟೆ. ಯೋಚನೆ ಮಾಡಿದ್ದರೆ ಇಳಿಯುತ್ತಿರಲಿಲ್ಲ. ಮಾವ ಅತ್ತೆ ಇಬ್ಬರೂ ಜಗಲಿಯಲ್ಲಿದ್ದರು. ನೀರು ಕೊಟ್ಟರು, ಕುಡಿಯಲಿಲ್ಲ. ನಿಂತುಕೊಂಡೇ ಹೇಳಿದೆ, ಜ್ವರ, ಸಿಲಿಂಡರು, ಟ್ಯೂಬು, ಕೊಡೆ, ಪೊಲೀಸರು, ಒಂದನ್ನೂ ಬಿಡಲಿಲ್ಲ. ಮಾವ ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಎದ್ದು ಅಂಗಳಕ್ಕಿಳಿದು, ಗೋಡೆಗೆ ಮುಖ ಮಾಡಿ ನಿಂತರು. ಅತ್ತೆ ನನ್ನ ಕಡೆ ತಿರುಗಿದರು. ಆಮೇಲೆ, "ಎರಡೂವರೆ ವರ್ಷ ನಾವು ಆ ಹುಡುಗಂಗೆ ಶಾಪ ಹಾಕಿದ್ವಲ್ಲೇ. ದೇವರ ಮುಂದೆ ಕೂತು ಹಾಕಿದ್ವಿ. ಅದನ್ನ ಈಗ ಹೆಂಗೆ ವಾಪಸ್ ತಗಳೂದು?" ಎಂದರು. ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾವ್ಯಶ್ರೀಯ ಫೋಟೋ ಕೆಳಗಿಳಿಸಿ, ಸೆರಗಿನಲ್ಲಿ ಒರೆಸುತ್ತಾ ಕೂತುಬಿಟ್ಟರು. ನಾನು ಹಾಗೇ ಹೊರಟು ಬಂದೆ.

ಮನೆಗೆ ಬಂದು ಅವ್ವನಿಗೂ ಬೈರಣ್ಣನಿಗೂ ಹೇಳಿದೆ. ಬೈರಣ್ಣ, "ನಂಗೆ ಅವತ್ತೇ ಅನ್ನಿಸ್ತು. ನಿನ್ ಬಾಯಿಂದ ಬರ್ಲಿ ಅಂತ ಸುಮ್ನಿದ್ದೆ" ಎಂದ. ಅವ್ವ ಮಾತ್ರ, "ಅವ್ನು ಅನ್ನ ಬಿಟ್ಟು ಒಣಗ್ತಿದ್ದಾಗ ನೀ ನನ್ ಪಕ್ಕದಲ್ಲೇ ಕೂತು ಉಣ್ತಿದ್ಯಲ್ಲೇ" ಎಂದಳು. ಅದೇ ಕೊನೆಯ ಮಾತು. ಸಂಘದ ಸಭೆಯಲ್ಲೂ ಎದ್ದು ನಿಂತು ಹೇಳಿದೆ. ಬೋಟು ಬಿಡು ಎಂದರೆ ಬಿಡುತ್ತೇನೆ ಎಂದೆ. ಇನ್ನೂ ಏನೂ ಹೇಳಿಲ್ಲ. ಮೊದಲು ಹಾಸು ಮುಗಿಸು ಎಂದರು.

ಮುಗಿಸಿದೆ ತಮ್ಮಾ, ನೀನು ಮಾಡಿದ ಹಾಗೇ. ಹಲಗೆ ಉಜ್ಜಿ, ದೂಳು ತೆಗೆದು, ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಸುತ್ತ ಟೇಪು ಹಾಕಿ ಅಂಟಿಸಿಟ್ಟೆ. ಬೆಳಿಗ್ಗೆ ಅದರ ಒಳಗೆ ಬೆವರು ಕಂಡಿತು, ಹಲಗೆ ಇನ್ನೂ ಹಸಿ. ಮತ್ತೆ ಮೂರು ದಿನ ಒಣಗಿಸಿದೆ. ಹೊಸ ಹಾಳೆಯನ್ನು ಬಿಸಿಲಿಗೆ ಬಿಚ್ಚಿಟ್ಟು ಸುರುಳಿ ಬಿಡಿಸಿದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಸ್ವಲ್ಪಸ್ವಲ್ಪವೇ ಅಂಟು ಬೆರೆಸಿ ಹಲ್ಲಿನ ಕರಣೆಯಲ್ಲಿ ಎಳೆದೆ. ನಡುವಿನಿಂದ ಅಂಚಿಗೆ ಉರುಳೆ ಹೊಡೆದು ಗಾಳಿ ಓಡಿಸಿದೆ. ಅಂಚಿಗೆಲ್ಲ ಪಟ್ಟಿ ಕೂರಿಸಿ ನೀರು ಇಳಿಯದ ಹಾಗೆ ಮುಚ್ಚಿದೆ. ಮೂರು ದಿನ ಯಾರನ್ನೂ ಹತ್ತಿಸಲಿಲ್ಲ. ಒಬ್ಬರೂ ಗೊಣಗಲಿಲ್ಲ. ನಿನ್ನ ಕಾಲದಲ್ಲಿ ಎಷ್ಟು ಗೊಣಗಿದ್ದರು, ನಾನೂ ಗೊಣಗಿದ್ದೆ. ಹತ್ತುವ ಕಡೆಯ ಮೂಲೆಗೆ ಬಂದಾಗ ಮಾತ್ರ ಕೈ ನಿಂತಿತು. ಅಲ್ಲಿ ಕೂತು ಅತ್ತುಬಿಟ್ಟೆ. ಬೆರೆಸಿದ ಅಂಟು ಕರಣೆಯಲ್ಲೇ ಗಟ್ಟಿಯಾಯಿತು. ಅದನ್ನು ಎಸೆದು, ಮತ್ತೆ ಬೆರೆಸಿ ಹಚ್ಚಿದೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಕಾಗದದ ಹಿಂದೆ ಕಾಣಿಸುತ್ತಿರಬಹುದು. ಅದನ್ನು ಕೇಳುವಷ್ಟು ನಾನು ಉಳಿದಿಲ್ಲ. ನಿನ್ನ ಹೆಂಡತಿಯನ್ನೂ ಕಳೆದೆ, ಅವಳಿಗಾಗಿ ಸುಮ್ಮನೆ ಅಳುವ ನಿನ್ನ ಹಕ್ಕನ್ನೂ ಕಿತ್ತುಕೊಂಡೆ. ನೀನು ಅತ್ತದ್ದೆಲ್ಲ ತಪ್ಪು ಮಾಡಿದವನ ಅಳುವಾಯಿತು. ನಿನ್ನ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಇಷ್ಟನ್ನು ಮಾತ್ರ ನಂಬು.

ಅವ್ವನ ಆಶೀರ್ವಾದ ನಿನ್ನ ಮೇಲಿದೆ. ನನ್ನ ಹತ್ತಿರ ಹೇಳಿ ಕಳಿಸಿಲ್ಲ, ಆದರೆ ನಾನು ಬರೆಯಲು ಕೂತಾಗ ದೀಪ ಹತ್ತಿರ ತಂದಿಟ್ಟು ಹೋದಳು. ಬೈರಣ್ಣ ನೆನೆಸಿಕೊಂಡಿದ್ದಾನೆ. ಮೈ ಕಡೆ ನೋಡಿಕೋ, ಕೆಮ್ಮಿಗೆ ಔಷಧಿ ತೆಗೆದುಕೋ.

ನಿನ್ನ ಅಕ್ಕ,
ಶಿಲ್ಪಾ

ತಾ. ಕ.: ಕಾಗದ ಮಡಚುವಾಗ ಉಮ್ಮಚಗಿ ಮಾವನ ಫೋನು ಬಂತು. ನಿನ್ನ ವಿಳಾಸ ಕೇಳಿದರು, ಕೊಟ್ಟಿದ್ದೇನೆ. ಮಾರ್ಚ್ ಎರಡು, ಭಾನುವಾರ, ಇಬ್ಬರೂ ನಿನ್ನನ್ನು ನೋಡಲು ಬರುತ್ತಾರಂತೆ. ಬೈಯಲು ಅಲ್ಲವೋ. ಮಾವ ಫೋನಿನಲ್ಲಿ "ಅಳಿಯಂದ್ರು" ಎಂದರು, ಕೂಡಲೇ ಫೋನನ್ನು ಅತ್ತೆಯ ಕೈಗೆ ಕೊಟ್ಟರು. ನನ್ನನ್ನೂ ಬಾ ಎಂದು ಅತ್ತೆ ಕರೆದರು. ನಾನು ಬರುವುದಿಲ್ಲ, ನೀನು ಹೆದರಬೇಡ. ಶಿರಸಿಯಲ್ಲಿ ಬಸ್ಸು ಬದಲಿಸಿ ಹಾವೇರಿ ಮೇಲೆ ಬರುವಾಗ ಮಧ್ಯಾಹ್ನವಾಗುತ್ತದೆ. ಮಾವನಿಗೆ ಈಗ ಕಣ್ಣು ಸರಿ ಕಾಣುವುದಿಲ್ಲ, ಅತ್ತೆಗೆ ಆ ಕಡೆಯ ಊರು ಹೊಸದು. ಅವತ್ತು ಎಲ್ಲಿಗೂ ಹೋಗಿಬಿಡಬೇಡ. ನೀನೇ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲು ತಮ್ಮಾ.