ಗೀರು ಬಿದ್ದರೂ ಹರಿದ ಕರೆಂಟು

ಅಕ್ಕಾ, ಕ್ಷೇಮ. ಕೆಲಸ ಇನ್ನೂ ಹೋಗಿಲ್ಲ. ಹೋಗುವುದರಲ್ಲಿತ್ತು, ಕೇಳು. ಈ ಪ್ರಯೋಗಶಾಲೆಯಲ್ಲಿ ಪೆನ್ಸಿಲ್ ಕಡ್ಡಿಯ ಕಪ್ಪನ್ನು ಅಂಟುಟೇಪಿನಿಂದ ಈರುಳ್ಳಿಯಂತೆ ಸುಲಿಯುತ್ತಾರೆ. ಕಣ್ಣಿಗೇ ಕಾಣದ ಆ ಪದರಗಳನ್ನು ಒಂದರ ಮೇಲೊಂದು ಕೂರಿಸಿ, ಕೊರೆಯುವ ಚಳಿಯ ಕೊಳವೆಯಲ್ಲಿ ದೊಡ್ಡ ಅಯಸ್ಕಾಂತದ ನಡುವೆ ಇಳಿಸಿ, ಕರೆಂಟು ಹರಿಸುತ್ತಾರೆ. ಓದಿದವರ ಹುಚ್ಚು! ಚೂರನ್ನು ಚಿಮುಟದಲ್ಲಿ ಹಿಡಿದು ಕೂರಿಸುವುದು ನನ್ನ ಕೆಲಸ. ನನ್ನ ಕೈ ನಿನಗೆ ಗೊತ್ತಲ್ಲ, ಮೊನ್ನೆ ಚಿಮುಟ ಜಾರಿ ಪದರದ ಅಂಚಿಗೇ ಗೀರು ಬಿತ್ತು. ಆರು ತಿಂಗಳು ಒದ್ದಾಡಿ ಮಾಡಿದ ಚೂರಂತೆ. ಮೊದಲು ಬ್ಯಾಗು ಕಟ್ಟಿದೆ, ಆಮೇಲೆ ನಮ್ಮ ಮೇಡಂಗೆ ಹೇಳಿದೆ.

"ಇಳ್ಸಿ, ನೋಡೇಬಿಡೋಣ" ಎಂದರು. ಮೀಟರಿನ ಅಂಕಿ ಗೀರು ಬೀಳದಿದ್ದರೆ ಎಷ್ಟಿರಬೇಕೋ ಅಷ್ಟೇ, ಕೂದಲೆಳೆಯಷ್ಟೂ ಅಲುಗಲಿಲ್ಲ! "ಅಯ್ಯೋ ಪುಕ್ಕಲಿ, ಅಯಸ್ಕಾಂತ ಇದ್ರೆ ಕರೆಂಟು ಅಂಚು ಹಿಡ್ಕೊಂಡು ಒಂದೇ ದಿಕ್ಕಿಗೆ ಓಡುತ್ತೆ. ಗೀರು ಸಿಕ್ರೆ ಬಳಸ್ಕೊಂಡು ಮುಂದಕ್ಕೇ ಹೋಗುತ್ತೆ. ವಾಪಸ್ ತಿರುಗೋಕೆ ಅದಕ್ಕೆ ದಾರೀನೇ ಇಲ್ಲ. ಅದ್ಸರಿ, ಈ ಬ್ಯಾಗ್ ಯಾಕೆ?"

"ಬಟ್ಟೆ ಒಗೆಯೋಕೆ ಮೇಡಂ" ಎಂದೆ.

ಈಗ ನೋಡಲು ಬಂದವರಿಗೆಲ್ಲ ನನ್ನ ಗೀರನ್ನೇ ಹೆಮ್ಮೆಯಿಂದ ತೋರಿಸುತ್ತಾರೆ.

ಆಪರೇಷನ್ನಿನಲ್ಲಿ ನನ್ನ ಮೊಣಕಾಲಿಗೆ ಹಾಕಿದ ಸ್ಕ್ರೂವನ್ನು ಅಯಸ್ಕಾಂತ ಕಿತ್ತುಕೊಂಡೀತೆಂದು ಹೆದರಿದ್ದೆ. ಅದು ಕಬ್ಬಿಣದ್ದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಗೋಡೆ ಸವರಿಕೊಂಡೇ ಓಡಾಡುತ್ತೇನೆ.

ಹದಿನೈದು ದಿನಕ್ಕೆ ವಾಪಸ್ ಬರುತ್ತಾಳೆ ಎಂದರಲ್ಲ ಭಾವ, ನನ್ನ ಮಂಚದ ಮೇಲೆ ಅವರ ಬಟ್ಟೆ ಗುಡ್ಡೆ ಹಾಕಿಕೊಳ್ಳಲಿ, ಅಡ್ಡಿಯಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ಬ್ಯಾಗು ಬಿಚ್ಚಿದ್ದೇನೆ, ಅರ್ಧ.

ನಿನ್ನ ತಂಗಿ