ಮೊದಲ ಮಾತಿಗೆ ಒಂದು ಪಿನ್ನು

ಅಕ್ಕಾ,

ನನ್ನ ಅಕ್ಷರ ಕಂಡರೆ ನೀನು ಲಕೋಟೆ ಒಡೆಯುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ, ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ.

ಕೆಲಸ ಹುಡುಕುವ ಮಕ್ಕಳಿಗೆ ನಾಲ್ಕು ಜನರ ಜೊತೆ ಮಾತಾಡುವುದನ್ನು ನಾನು ಕಲಿಸುತ್ತೇನೆ ಎಂದರೆ ಎಲ್ಲರಿಗಿಂತ ಮೊದಲು ನೀನೇ ನಗುತ್ತೀಯ. ಇವತ್ತು ಒಬ್ಬ ಹುಡುಗಿ ಎದ್ದು ಕೇಳಿದಳು: "ಮಿಸ್, ಮಾತು ಬಿಟ್ಟೋರ ಹತ್ರ ಮೊದಲು ಏನಂತ ಮಾತಾಡೋದು? ಸಾರಿ ಅಂತಾನಾ?"

"ಸಾರಿ ಆಮೇಲೆ ಹೇಳಿದ್ರಾಯ್ತು. ಮೊದಲು ಏನಾದ್ರೂ ಸಣ್ಣದು ಕೇಳು," ಎಂದುಬಿಟ್ಟೆ, ಬಾಯಿಗೆ ಬಂದದ್ದು.

ಅವಳು ಅಲ್ಲೇ ಹಿಂದಿನ ಬೆಂಚಿಗೆ ತಿರುಗಿದಳು. ಅಲ್ಲಿದ್ದವಳು ತಿಂಗಳಿಂದ ಇವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

"ಪಿನ್ ಇದ್ಯೇನೆ?"

ಆಕೆ ತನ್ನ ಚೀಲದ ಕಿತ್ತುಹೋದ ಪಟ್ಟಿಗೆ ಹಾಕಿದ್ದ ಪಿನ್ನನ್ನೇ ಬಿಚ್ಚಿ ಕೊಟ್ಟಳು. "ವಾಪಸ್ ಕೊಡು ಮತ್ತೆ."

ಸಂಜೆ ಇಬ್ಬರೂ ಆ ಚೀಲವನ್ನು ಒಂದೊಂದು ಕಡೆ ಹಿಡಿದುಕೊಂಡು, ಹರಟುತ್ತಾ ಬಸ್ ಸ್ಟಾಪಿಗೆ ಹೋದರು.

ನನ್ನ ಅಡುಗೆಮನೆಯ ಬಲ್ಬು ಹೋಗಿ ವಾರವಾಯಿತು. ಈ ಕಾಗದ ಹರಿದು ಹಾಕಿ, ಹಿಂದಿನ ಬೀದಿಯ ನಿನ್ನ ಮನೆಗೇ ಬರುತ್ತೇನೆ. "ಅಕ್ಕಾ, ಏಣಿ ಸ್ವಲ್ಪ ಹೊತ್ತು ಕೊಡ್ತೀಯಾ?" ಎಂದಷ್ಟೇ ಕೇಳುತ್ತೇನೆ. ನಾನು ಹತ್ತಿದರೆ ಕೆಳಗೆ ಯಾರಾದರೂ ಹಿಡಿದುಕೊಳ್ಳಲೇಬೇಕು. ಅದು ನಿನಗೆ ಚಿಕ್ಕಂದಿನಿಂದ ಗೊತ್ತು.