ಶಾಂತ ಪಾಳಿಯ ಬಟ್ಟಲು

ಭಾನುವಾರ, ಮಧ್ಯಾಹ್ನ
ನಿನ್ನದೇ ಅಡುಗೆಮನೆಯ ಮೇಜಿನಿಂದ

ಪುಟ್ಟಿ,

ಒಂದೇ ಸೂರಿನಡಿ ಇದ್ದುಕೊಂಡು ಅಮ್ಮ ಪತ್ರ ಬರೆಯುತ್ತಾಳಲ್ಲ ಅಂತ ನಗಬೇಡ. ಪಾಳಿ ಮುಗಿಸಿ ಬಂದರೆ ಮಲಗುತ್ತೀಯ, ಎದ್ದಾಗ ಅಳಿಯಂದಿರು ಮನೆಯಲ್ಲಿರುತ್ತಾರೆ. ಅವರಿದ್ದಾಗ ನಾನೇನು ಕೇಳಿದರೂ ನೀನು ಮೊದಲು ಅವರ ಮುಖ ನೋಡಿ, ಆಮೇಲೆ ಉತ್ತರ ಕೊಡುತ್ತೀಯ.

ನನ್ನ ಅನುಮಾನ ಶುರುವಾದದ್ದು ಫೋನಿನಲ್ಲಿ. ಮೊದಲೆಲ್ಲ ನೀನು ಕಾರ್ಖಾನೆಯ ನಿಯಂತ್ರಣ ಕೊಠಡಿಯಿಂದ ಮಾತಾಡಿದರೆ ಹಿಂದೆ ಎಚ್ಚರಿಕೆ ಗಂಟೆ ಕಿರುಚುತ್ತಿತ್ತು. ಇರಮ್ಮಾ, ಇದರ ಬಾಯಿ ಮುಚ್ಚಿಸಿ ಬರ್ತೀನಿ ಅನ್ನುತ್ತಿದ್ದೆ. ಈಚೆಗೆ ಅದರ ಸುಳಿವೇ ಇಲ್ಲ. ಇಲ್ಲಿಗೆ ಬಂದು ನೋಡಿದರೆ ಫ್ರಿಜ್ಜಿನ ಮೇಲೆ ಬೆಳ್ಳಿ ಬಣ್ಣದ ಬಟ್ಟಲು, ಅದರೊಳಗೆ ಸೌಟುಗಳು. ಗಂಟೆ ಅತಿ ಕಡಿಮೆ ಬಡಿದ ಪಾಳಿಗೆ ಪ್ರತಿ ತಿಂಗಳೂ ಬಹುಮಾನವಂತೆ. ಪಾಳಿಯ ಮುಖ್ಯಸ್ಥೆ ನೀನು. ಸ್ಪರ್ಧೆ ಹುಟ್ಟಿಸಿದವರು ಅಲ್ಲಿ ಮ್ಯಾನೇಜರಾಗಿರುವ ನಿನ್ನ ಗಂಡ. ಮನೆಯ ಬಟ್ಟಲು ಮನೆಗೇ ಬಂತಲ್ಲ ಎಂದು ನಾನು ತಮಾಷೆ ಮಾಡಿದಾಗ ಇಬ್ಬರೂ ನಗಲಿಲ್ಲ.

ಮೊನ್ನೆ ಬಟ್ಟೆ ಮಡಚುತ್ತ ನೀನೇ ಹೇಳಿದೆ. ದ್ರಾವಕದ ದೊಡ್ಡ ಟ್ಯಾಂಕು ತುಂಬುತ್ತ ಬಂದಾಗ ಗಂಟೆ ಸುಮ್ಮಸುಮ್ನೆ ಬಡ್ಕೊಳ್ತಿತ್ತು, ಅದಕ್ಕೆ ಬಡಿಯೋ ಮಟ್ಟಾನೇ ಒಂಚೂರು ಮೇಲಕ್ಕೆ ಹಾಕಿದ್ವಿ ಅಂದೆ. ಯಾರು ಹಾಕು ಅಂದರು ಎಂದು ನಾನು ಕೇಳಿದೆ. ಯಾರೂ ಅನ್ನಲಿಲ್ಲಮ್ಮ, ಇವರು ಸ್ವಲ್ಪ ನೋಡ್ಕೊಳ್ಳಿ ಅಂದ್ರು, ಅಷ್ಟೆ ಅಂದೆ ನೀನು.

ಆ ‘ನೋಡ್ಕೊಳ್ಳಿ’ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಾನು ದಾದಿಯಾಗಿದ್ದ ವಾರ್ಡಿನಲ್ಲೂ ಯಂತ್ರಗಳು ದಿನವಿಡೀ ಕೂಗುತ್ತಿದ್ದವು. ದಣಿದವರು ಸದ್ದು ಇಳಿಸುತ್ತಿದ್ದರು. ಆದರೆ ಇಳಿಸಿದ್ದಕ್ಕೆ ಯಾರೂ ಬಟ್ಟಲು ಕೊಡುತ್ತಿರಲಿಲ್ಲ.

ಗಂಟೆ ಬಡಿಯುವುದಕ್ಕೂ ಟ್ಯಾಂಕು ಉಕ್ಕುವುದಕ್ಕೂ ನಡುವೆ ಇದ್ದ ಹೊತ್ತು ಯಾರಿಗಾಗಿ? ಹೊರಗೆ ಹೋಗಿ ಕವಾಟ ಮುಚ್ಚುವವನಿಗಾಗಿ. ನಿಮ್ಮಲ್ಲಿ ಆ ಕೆಲಸ ‘ಬಿರುಗಾಳಿ’ ಎನ್ನುವವನದು; ಆಮೆಯ ಹಾಗೆ ನಡೆಯುತ್ತಾನೆಂದು ತಮಾಷೆಗೆ ನೀವೇ ಇಟ್ಟ ಹೆಸರು. ಆ ದ್ರಾವಕದ ಹಬೆಗೆ ಒಂದು ಕಿಡಿ ಸಾಕು ಎಂದವಳೂ ನೀನೇ. ಈಗ ಅವನು ಟ್ಯಾಂಕಿನ ಬುಡ ಮುಟ್ಟುವುದೂ ಅದು ಉಕ್ಕುವುದೂ ಒಟ್ಟಿಗೇ ಆಗುತ್ತದೆ.

ನಿನ್ನೆ ಅಳಿಯಂದಿರು ಬಾಲ್ಕನಿಯಲ್ಲಿ ಫೋನಿನಲ್ಲಿದ್ದರು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ; ಕದ್ದು ಕೇಳಿಸಿಕೊಂಡೆ ಎನ್ನುವುದಾದರೆ ಹಾಗೇ ಅಂದುಕೋ. ತಪಾಸಣೆಯವರು ಬರುತ್ತಾರಂತೆ. ಮಟ್ಟ ಬದಲಾಯಿಸಿದ್ದು ಪಾಳಿಯವರೇ ಸಾರ್, ನನ್ನ ಗಮನಕ್ಕೆ ತಂದೇ ಇಲ್ಲ ಅಂದರು. ನನ್ನನ್ನು ಕಂಡದ್ದೇ ದನಿ ಬದಲಾಯಿತು. ಅಯ್ಯೋ ಅತ್ತೆ, ನೀವ್ಯಾಕೆ ತೊಂದ್ರೆ ತಗೋತೀರಿ, ಎಲ್ಲಾ ಅವಳೇ ಬಂದು ತೆಗೀತಾಳೆ ಬಿಡಿ ಅಂದರು.

ಅವರಿಗೂ ಮೇಲಿನವರು ಯಾರೋ ‘ನೋಡ್ಕೊಳ್ಳಿ’ ಅಂದಿರಬಹುದು. ಇರಲಿ. ಆದರೆ ಪಾಳಿಯವರು ಎಂದರೆ ನೀನು, ಪುಟ್ಟಿ.

ನಾಳೆ ಊಟದ ಹೊತ್ತು ಕಳೆದ ಮೇಲೆ ನಿನ್ನ ಪಾಳಿಯಲ್ಲೇ ಟ್ಯಾಂಕು ತುಂಬಿಸುತ್ತಾರೆ ಎಂದು ನೀನೇ ಅಂದಿದ್ದೆ. ಅದಕ್ಕೆ ಮೊದಲು ಗಂಟೆಯನ್ನು ಹಳೆಯ ಮಟ್ಟಕ್ಕೆ ಇಳಿಸು. ಯಾರು ಹೇಳಿದರು ಎಂದು ಯಾರಾದರೂ ಕೇಳಿದರೆ ಅಮ್ಮ ಹೇಳಿದಳು ಅನ್ನು. ನಾನು ನೋಡ್ಕೋ ಅನ್ನುತ್ತಿಲ್ಲ, ಇಳಿಸು ಅನ್ನುತ್ತಿದ್ದೇನೆ.

ನಿನ್ನ
ಅಮ್ಮ

ತಾ.ಕ.: ಇದೇ ಪತ್ರದ ಇನ್ನೊಂದು ಪ್ರತಿಯನ್ನು, ಈ ಕೊನೆಯ ಸಾಲುಗಳಿಲ್ಲದೆ, ಅಳಿಯಂದಿರ ಕೈಗೆ ಕೊಟ್ಟು, ಅವಳು ಎದ್ದಮೇಲೆ ಕೊಟ್ಬಿಡಿ ಎಂದಿದ್ದೇನೆ. ಅವರೂ ಓದಲಿ ಎಂದು ಲಕೋಟೆಗೆ ಬೇಕೆಂದೇ ಅಂಟು ಹಚ್ಚಲಿಲ್ಲ. ಇದನ್ನು ನಿನ್ನ ಊಟದ ಚೀಲದಲ್ಲಿ ಡಬ್ಬಿಯ ಕೆಳಗೆ ಇಡುತ್ತೇನೆ. ನಾಳೆ ಡಬ್ಬಿ ಬಿಚ್ಚುವಷ್ಟರಲ್ಲಿ ಆ ಪ್ರತಿ ನಿನ್ನ ಕೈ ಸೇರಿದ್ದರೆ ನಾನೇ ಅವರ ಕ್ಷಮೆ ಕೇಳುತ್ತೇನೆ. ಸೇರಿರದಿದ್ದರೆ ನಾನು ಹೇಳುವುದು ಏನೂ ಉಳಿದಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಊಟ ಆಮೇಲೆ ಮಾಡು, ಮೊದಲು ಗಂಟೆ. ಬಟ್ಟಲನ್ನು ಹಿಂದಿರುಗಿಸಬೇಕಲ್ಲ, ಅದರಿಂದ ಸೌಟುಗಳನ್ನು ಆಗಲೇ ತೆಗೆದಿಟ್ಟಿದ್ದೇನೆ.